ಮದುವೆ, ಪ್ರವಾಸ, ದಿನನಿತ್ಯದ ಚಿತ್ರಗಳು: ಯಾವುದನ್ನು ಅಳಿಸಬೇಕು, ಯಾವುದನ್ನು ಉಳಿಸಬೇಕು?

ಪ್ರಶ್ನೆ: ಕಿಟಕಿಬೆಳಕು (ಬನಶಂಕರಿ)

ಎಲ್ಲರಿಗೂ ನಮಸ್ಕಾರ. ಹನ್ನೊಂದು ವರ್ಷಗಳಿಂದ ಬೆಂಗಳೂರಿನಲ್ಲಿ ಮದುವೆಗಳ ಛಾಯಾಗ್ರಾಹಕನಾಗಿ ಕೆಲಸ ಮಾಡುತ್ತಿದ್ದೇನೆ. ಆಷಾಢದಲ್ಲಿ ಮುಹೂರ್ತಗಳಿಲ್ಲದೆ ಬಿಡುವಾದಾಗ ಊರೂರು ಸುತ್ತಿ ಚಿತ್ರ ತೆಗೆಯುತ್ತೇನೆ. ಉಳಿದ ದಿನಗಳಲ್ಲಿ ಬೆಳಗಿನ ಹೊತ್ತು ಗಾಂಧಿ ಬಜಾರಿನಲ್ಲೋ ಕೆ.ಆರ್. ಮಾರುಕಟ್ಟೆಯಲ್ಲೋ ಹೂ ಕಟ್ಟುವವರನ್ನು, ಮೂಟೆ ಹೊರುವವರನ್ನು, ಗೋಡೆಗೊರಗಿ ಕಾಫಿ ಕುಡಿಯುವವರನ್ನು ಅವರ ಒಪ್ಪಿಗೆ ಪಡೆದು ತೆಗೆಯುತ್ತೇನೆ. ಈ ಮೂರೂ ಬಗೆಯ ಕೆಲಸಗಳಲ್ಲಿ ಈಗ ಒಂದೇ ಪ್ರಶ್ನೆ ನನ್ನನ್ನು ಕಾಡುತ್ತಿರುವುದರಿಂದ ಇಲ್ಲಿರುವ ಹಿರಿಯರ ಅಭಿಪ್ರಾಯ ಕೇಳಬೇಕೆನಿಸಿತು.

ಹಿಂದಿನ ಸಂಜೆಯ ವರಪೂಜೆಯಿಂದ ಹಿಡಿದು ಮರುದಿನದ ಊಟದ ಪಂಕ್ತಿಯವರೆಗೆ ಒಂದು ಮದುವೆಯಲ್ಲಿ ನಾನು ಮತ್ತು ನನ್ನ ಜೊತೆಗಾರ ಸೇರಿ ಸುಮಾರು 4,000 ಚಿತ್ರಗಳನ್ನು ತೆಗೆಯುತ್ತೇವೆ. ಅವುಗಳಲ್ಲಿ 600ರಷ್ಟನ್ನು ಆರಿಸಿ, ಬಣ್ಣ ತಿದ್ದಿ, ಬೇಕಾದ ಕಡೆ ಅಂಚು ಕತ್ತರಿಸಿ ಮನೆಯವರಿಗೆ ಕೊಡುತ್ತೇವೆ. ಆ 600ರ ರಾ ಫೈಲುಗಳನ್ನು, ಅಂದರೆ ಕ್ಯಾಮೆರಾ ಉಳಿಸಿದ, ತಿದ್ದದ ಮೂಲ ಫೈಲುಗಳನ್ನು, ಇಟ್ಟುಕೊಳ್ಳುತ್ತೇನೆ. ಉಳಿದ 3,400ನ್ನು ಆರು ತಿಂಗಳ ನಂತರ ಅಳಿಸುತ್ತೇನೆ. ಒಂದು ರಾ ಫೈಲಿಗೆ ಸುಮಾರು 25 ಎಂಬಿ ಹಿಡಿದರೂ ಒಂದು ಮದುವೆಗೆ 100 ಜಿಬಿ ಬೇಕು. ವರ್ಷಕ್ಕೆ ಇಪ್ಪತ್ತೈದು ಮದುವೆ ಒಪ್ಪಿಕೊಂಡರೆ ಎರಡೂವರೆ ಟಿಬಿ, ಅದಕ್ಕೊಂದು ಪ್ರತಿ ಇಟ್ಟರೆ ಐದು ಟಿಬಿ. ಎಲ್ಲವನ್ನೂ ಇಟ್ಟುಕೊಳ್ಳುವುದು ನನ್ನ ಕೈಗೆ ಎಟುಕುವ ಮಾತಾಗಿರಲಿಲ್ಲ.

2016ರಲ್ಲಿ ಬಸವನಗುಡಿಯ ಒಂದು ಛತ್ರದಲ್ಲಿ ನಡೆದ ಮದುವೆಯ ವಧು ಕಳೆದ ತಿಂಗಳು ನನಗೆ ಕರೆ ಮಾಡಿದರು. ಅವರ ಸೋದರತ್ತೆ ತೀರಿಕೊಂಡಿದ್ದರು, ಮದುವೆಯಲ್ಲಿ ತೆಗೆದ ಅತ್ತೆಯ ಚಿತ್ರವೇನಾದರೂ ಇದೆಯೇ ಎಂದು ಕೇಳಿದರು. ಚಿಕ್ಕ ವಯಸ್ಸಿನಲ್ಲೇ ಗಂಡನನ್ನು ಕಳೆದುಕೊಂಡು, ಅಣ್ಣನ ಮಕ್ಕಳನ್ನು ಸಾಕಿ ಬೆಳೆಸಿದ ಆಕೆ ಮದುವೆಯ ಎರಡೂ ದಿನ ಉಗ್ರಾಣದಲ್ಲೇ ಇದ್ದರು. ತೆಂಗಿನಕಾಯಿ ಎಣಿಸುವುದು, ತಾಂಬೂಲದ ಚೀಲ ತುಂಬಿಸುವುದು, ಅಡುಗೆಯವರಿಗೆ ಬೆಲ್ಲ ಬೇಳೆ ಅಳೆದು ಕೊಡುವುದು ಎಲ್ಲವೂ ಅವರ ಕೈಯಿಂದಲೇ ಆಗುತ್ತಿತ್ತು. ಮಂಟಪದ ಕಡೆ ಅವರು ಬರಲಿಲ್ಲ. ನಾವು ಕೊಟ್ಟ ಚಿತ್ರಗಳಲ್ಲಿ ಅವರಿರಲಿಲ್ಲ. ಆದರೆ ನಾನು ಅವರ ಚಿತ್ರ ತೆಗೆದಿದ್ದೆ ಎಂಬುದು ನನಗೆ ಸ್ಪಷ್ಟವಾಗಿ ನೆನಪಿದೆ. ಉಗ್ರಾಣದ ಕಿಟಕಿಯಿಂದ ಬೆಳಗಿನ ಬಿಸಿಲು ಓರೆಯಾಗಿ ಬೀಳುತ್ತಿತ್ತು. ಅವರು ಮಣೆಯ ಮೇಲೆ ಕುಳಿತು ವೀಳ್ಯದೆಲೆ ಒರೆಸಿ ಜೋಡಿಸುತ್ತಿದ್ದರು. ಹಿಂದೆ ನೀಲಿ ಪ್ಲಾಸ್ಟಿಕ್ ಡ್ರಮ್ ಇತ್ತು, ಅವರ ಕಣ್ಣು ಅರ್ಧ ಮುಚ್ಚಿತ್ತು. ಆಯ್ಕೆಗೆ ಕುಳಿತ ರಾತ್ರಿ ಆ ಎರಡು ಕಾರಣಗಳಿಗಾಗಿ ಆ ಚಿತ್ರವನ್ನು ಪಕ್ಕಕ್ಕೆ ಸರಿಸಿದೆ, ಆರು ತಿಂಗಳ ನಂತರ ಅಳಿಸಿದೆ.

ಹುಡುಕಿ ಹೇಳುತ್ತೇನೆ ಎಂದಷ್ಟೇ ಅವರಿಗೆ ಹೇಳಿದ್ದೇನೆ. ಇನ್ನು ಮುಂದೆ ಆಯ್ಕೆ ಮಾಡುವಾಗ ನೀವೆಲ್ಲ ಯಾವುದನ್ನು ನೋಡಿ ತೀರ್ಮಾನಿಸುತ್ತೀರಿ? ಎಲ್ಲವನ್ನೂ ಇಟ್ಟುಕೊಳ್ಳುವವರು ಯಾರಾದರೂ ಇದ್ದರೆ ಹೇಗೆ ಇಟ್ಟುಕೊಳ್ಳುತ್ತೀರಿ? ಪ್ರವಾಸದ ಮತ್ತು ಬೀದಿಯ ಚಿತ್ರಗಳಿಗೂ ಇದೇ ನಿಯಮ ಅನ್ವಯಿಸುತ್ತದೆಯೇ?

ಉತ್ತರ: ಹಳೆಯ ನೆಗೆಟಿವ್ (ರಾಜಾಜಿನಗರ)

ನಾನು 1983ರಿಂದ 2011ರವರೆಗೆ ಸ್ಟುಡಿಯೊ ನಡೆಸಿದವನು. ಆರಂಭದ ವರ್ಷಗಳಲ್ಲಿ ಯಾಶಿಕಾ ಮ್ಯಾಟ್ ಕ್ಯಾಮೆರಾಕ್ಕೆ 120 ಅಳತೆಯ ರೋಲ್ ಹಾಕಿಕೊಂಡು ಮದುವೆಗೆ ಹೋಗುತ್ತಿದ್ದೆವು. ಒಂದು ರೋಲಿಗೆ 12 ಚೌಕ ಚಿತ್ರಗಳು. ಆರು ರೋಲಿನ ಮದುವೆಯೆಂದರೆ ಒಟ್ಟು 72 ಚಿತ್ರಗಳು, ಅಷ್ಟೇ. ಮಾಂಗಲ್ಯಧಾರಣೆಯ ಹೊತ್ತಿಗೆ ರೋಲ್ ಮುಗಿದುಹೋದರೆ ಎಂಬ ಭಯದಿಂದ ಕಾಶಿಯಾತ್ರೆಗೆ ಎರಡು, ಧಾರೆಗೆ ನಾಲ್ಕು, ಲಾಜಾಹೋಮಕ್ಕೆ ಎರಡು, ಸಪ್ತಪದಿಗೆ ಎರಡು ಎಂದು ಮನಸ್ಸಿನಲ್ಲೇ ಲೆಕ್ಕ ಹಾಕಿಕೊಂಡು ನಿಲ್ಲುತ್ತಿದ್ದೆ. ಗಟ್ಟಿಮೇಳ ಶುರುವಾದಾಗ ಓಲಗದವರ ಕಡೆಗೂ ನೋಡದೆ ವರನ ಬೆರಳುಗಳನ್ನಷ್ಟೇ ನೋಡುತ್ತಿದ್ದೆ.

ಹಿಂದಿನವರು ಯೋಚಿಸಿ ತೆಗೆಯುತ್ತಿದ್ದರು, ಈಗಿನವರು ಸುಮ್ಮನೆ ಗುಂಡಿ ಒತ್ತುತ್ತಾರೆ ಎಂಬ ಮಾತನ್ನು ನಮ್ಮ ವಯಸ್ಸಿನವರು ಆಗಾಗ ಹೇಳುತ್ತಾರೆ. ನಾನು ಅದನ್ನು ಒಪ್ಪುವುದಿಲ್ಲ. ಆ 72ರಲ್ಲಿ ಉಗ್ರಾಣಕ್ಕೆ ಒಂದೂ ಸಿಗುತ್ತಿರಲಿಲ್ಲ. ನೀವು ತೆಗೆದು ಅಳಿಸಿದಿರಿ. ನಾವು ತೆಗೆಯಲೇ ಇಲ್ಲ. ಇಪ್ಪತ್ತೆಂಟು ವರ್ಷಗಳಲ್ಲಿ ನಾನು ಹೋದ ಮದುವೆಗಳಲ್ಲಿ ಒಲೆಯ ಮುಂದೆ ನಿಂತ ಅಡುಗೆಯವರ ಚಿತ್ರಗಳು ನನ್ನಲ್ಲಿ ಹತ್ತು ಕೂಡ ಇಲ್ಲ ಎಂಬುದು ಈಗ ನನ್ನನ್ನು ಬಾಧಿಸುತ್ತದೆ.

ಆದರೆ ಒಂದು ವಿಷಯದಲ್ಲಿ ಫಿಲಂ ನಮ್ಮನ್ನು ಕಾಪಾಡಿತು. ಅದರಲ್ಲಿ ಆಯ್ಕೆ ಮಾಡಿ ಅಳಿಸುವ ಅವಕಾಶವಿರಲಿಲ್ಲ. ಕಣ್ಣು ಮುಚ್ಚಿದ ಚಿತ್ರವೂ, ಅಲುಗಿದ ಚಿತ್ರವೂ ಅದೇ ಪಟ್ಟಿಯಲ್ಲಿ ಉಳಿಯುತ್ತಿತ್ತು. ಪ್ರತಿ ಮದುವೆಯ ನೆಗೆಟಿವ್‌ಗಳನ್ನು ಬಟರ್ ಪೇಪರಿನ ಲಕೋಟೆಗೆ ಹಾಕಿ, ದಿನಾಂಕ, ಛತ್ರ, ಎರಡೂ ಕಡೆಯವರ ಹೆಸರು ಬರೆದು, ರಿಜಿಸ್ಟರಿನಲ್ಲಿ ಸಂಖ್ಯೆ ಕೊಟ್ಟು ಇಡುತ್ತಿದ್ದೆ. ಎಲ್ಲವೂ ಉಳಿದಿವೆ ಎಂದಲ್ಲ. ಬಣ್ಣದ ನೆಗೆಟಿವ್‌ಗಳ ಬಣ್ಣ ಮಾಸಿದೆ. ಕಪ್ಪು ಬಿಳುಪಿನವು ಬೆಳ್ಳಿಯ ಕಣಗಳಿಂದಾದುದರಿಂದ ಇನ್ನೂ ಗಟ್ಟಿಯಾಗಿವೆ. ಒಂದು ಮಳೆಗಾಲದ ನಂತರ ಎರಡು ಡಬ್ಬಗಳನ್ನು ತೆರೆದಾಗ ವಿನೆಗರ್ ವಾಸನೆ ಮೂಗಿಗೆ ಬಡಿಯಿತು. ತೇವ ಮತ್ತು ಸೆಕೆಯಿಂದ ಅಸಿಟೇಟ್ ಫಿಲಂ ಒಮ್ಮೆ ಹಾಗೆ ಹುಳಿಯಲಾರಂಭಿಸಿದರೆ ಅದನ್ನು ಮೊದಲಿನ ಸ್ಥಿತಿಗೆ ತರಲು ಸಾಧ್ಯವಿಲ್ಲ.

2004ರಲ್ಲಿ ಒಬ್ಬ ತಾಯಿ ತಮ್ಮ ತಮ್ಮನ ಚಿತ್ರ ಕೇಳಿಕೊಂಡು ಬಂದರು. ಆಲ್ಬಂನಲ್ಲಿ ಆತ ಎಲ್ಲೂ ಇರಲಿಲ್ಲ. ರಿಜಿಸ್ಟರ್ ನೋಡಿ ನೆಗೆಟಿವ್ ತೆಗೆದು ಬೆಳಕಿಗೆ ಹಿಡಿದಾಗ, ಪ್ರಿಂಟ್ ಮಾಡುವಾಗ ನಾನೇ ಕತ್ತರಿಸಿದ್ದ ಅಂಚಿನಲ್ಲಿ, ಚಪ್ಪರದ ಕಂಬ ಹಿಡಿದು ನಿಂತ ಆ ಹುಡುಗ ಕಂಡ. ಆದುದರಿಂದ ನಿಮಗೆ ನನ್ನ ಮೊದಲ ಸಲಹೆ ಇಷ್ಟೇ: ನಿಮ್ಮಲ್ಲಿರುವ 600 ರಾ ಫೈಲುಗಳನ್ನು, ನೀವು ಮಾಡಿದ ಕತ್ತರಿಕೆಯನ್ನು ತೆಗೆದುಹಾಕಿ, ಪೂರ್ತಿ ಚೌಕಟ್ಟಿನಲ್ಲಿ ಒಂದೊಂದಾಗಿ ನೋಡಿ. ಮಧ್ಯವನ್ನು ನೋಡಬೇಡಿ, ನಾಲ್ಕೂ ಅಂಚುಗಳನ್ನು ನೋಡಿ.

ಎಲ್ಲವನ್ನೂ ಇಟ್ಟುಕೊಳ್ಳುವುದೇ ಪರಿಹಾರವೆಂದೂ ನಾನು ಹೇಳಲಾರೆ. ಹೆಸರು, ದಿನಾಂಕ ಬರೆಯದೆ ರಾಶಿ ಹಾಕಿದ 4,000 ಚಿತ್ರಗಳು ಕಳೆದುಹೋದ 4,000 ಚಿತ್ರಗಳೇ. ನನ್ನ ಆ ರಿಜಿಸ್ಟರ್ ಇಲ್ಲದಿದ್ದರೆ ಆ ತಾಯಿ ಬರಿಗೈಯಲ್ಲಿ ಹಿಂದಿರುಗುತ್ತಿದ್ದರು.

ಉತ್ತರ: ಮೊಗ್ಗಿನಜಡೆ (ಮಲ್ಲೇಶ್ವರ)

ನಾನು ಛಾಯಾಗ್ರಾಹಕಿಯಲ್ಲ. 2009ರಲ್ಲಿ ಮದುವೆಯಾದವಳು, ಮೂರು ವರ್ಷಗಳ ಹಿಂದೆ ತಂಗಿಯ ಮದುವೆಯ ಹೊಣೆ ಹೊತ್ತವಳು. ಚಿತ್ರ ತೆಗೆಸಿಕೊಳ್ಳುವವರ ಕಡೆಯಿಂದ ನಾಲ್ಕು ಮಾತು ಬರೆಯುತ್ತೇನೆ.

ನಮ್ಮ ಮನೆಯಲ್ಲಿ 12×36 ಅಂಗುಲದ ಕರಿಜ್ಮಾ ಆಲ್ಬಂ ಇದೆ. ಅದನ್ನು ತೆರೆಯಬೇಕಾದರೆ ಊಟದ ಮೇಜು ಖಾಲಿ ಮಾಡಬೇಕು, ಆದ್ದರಿಂದ ಅದು ಬೀರುವಿನ ಮೇಲೆಯೇ ಇರುತ್ತದೆ. ಅಮ್ಮ ಮತ್ತೆ ಮತ್ತೆ ತೆಗೆಯುವುದು ತಮ್ಮ ಮದುವೆಯ ಪುಟ್ಟ ಆಲ್ಬಂ. ಕಪ್ಪು ಹಾಳೆಗೆ ಮೂಲೆ ಅಂಟಿಸಿ ಕೂರಿಸಿದ ಅಂಗೈಯಗಲದ ಚಿತ್ರಗಳು. ಅದನ್ನು ನೋಡುವಾಗ ಅಮ್ಮ ಯಾವತ್ತೂ ತಮ್ಮ ಮುಖದ ಮೇಲೆ ಬೆರಳಿಟ್ಟು ಮಾತಾಡಿದ್ದನ್ನು ನಾನು ಕಂಡಿಲ್ಲ. "ಇವರು ಆಮೇಲೆ ದಾವಣಗೆರೆಗೆ ಹೋದರು, ಈ ಮಗು ಈಗ ಡಾಕ್ಟರಾಗಿದೆ, ಇಲ್ಲಿ ಕೂತಿರೋದು ನಮ್ಮ ಮನೆಗೆ ಹಾಲು ಹಾಕುತ್ತಿದ್ದವರು" ಎಂದು ಹಿಂದಿನ ಸಾಲಿನವರ ಮೇಲೆಯೇ ಅವರ ಬೆರಳು ಓಡುತ್ತದೆ.

ಸೋದರತ್ತೆಯವರ ವಿಷಯ ಓದಿದಾಗ ನನ್ನ ಚಿಕ್ಕಮ್ಮ ನೆನಪಾದರು. ಅವರೂ ಹಾಗೆಯೇ, ಮಂಗಳ ಕಾರ್ಯದ ಮುಂದೆ ತಾವು ಬರಬಾರದೆಂದು ತಾವೇ ಹಿಂದೆ ನಿಲ್ಲುವವರು. ತಂಗಿಯ ಮದುವೆಯಲ್ಲಿ ನಾವು ಎಷ್ಟು ಕರೆದರೂ ಹಸೆಮಣೆಯ ಹತ್ತಿರ ಬರಲಿಲ್ಲ. ಚಿತ್ರ ತೆಗೆಯಲು ಬಂದಿದ್ದ ಹುಡುಗ ಸಂಜೆ ಅವರ ಬಳಿ ಹೋಗಿ, ಕ್ಯಾಮೆರಾ ಕೆಳಗಿಟ್ಟು, "ಅಮ್ಮಾ, ನೀವು ಮಾಲೆ ಕಟ್ಟೋದನ್ನ ತೆಗೀಲಾ?" ಎಂದು ಕೇಳಿದನಂತೆ. "ಮುಖ ಬೇಡಪ್ಪ, ಕೈ ಬೇಕಾದರೆ ತೆಗಿ" ಎಂದರಂತೆ. ಆತ ಕೈಯನ್ನೇ ತೆಗೆದ. ಆಮೇಲೆ ಕ್ಯಾಮೆರಾದ ಪರದೆಯಲ್ಲಿ ಅದನ್ನು ತೋರಿಸಿದಾಗ ಅವರು ತಾವಾಗಿಯೇ ಸೆರಗು ಸರಿಮಾಡಿಕೊಂಡು, "ಈಗ ಒಂದು ತೆಗಿ" ಎಂದರಂತೆ. ಆ ಎರಡನೆಯ ಚಿತ್ರ ಈಗ ನಮ್ಮ ದೇವರ ಕೋಣೆಯ ಪಕ್ಕದ ಗೋಡೆಯ ಮೇಲಿದೆ. ಹಿಂದೆ ನಿಂತವರನ್ನು ಕದ್ದು ತೆಗೆಯುವುದಕ್ಕಿಂತ ಹೀಗೆ ಕೇಳಿ ತೆಗೆಯುವುದು ಸರಿಯೆಂದು ನನಗನ್ನಿಸುತ್ತದೆ. ಅವರಾಗಿಯೇ ಬೇಡವೆಂದರೆ ಅದನ್ನೂ ಗೌರವಿಸಬೇಕು.

ಹಾಗೆಂದು ತಪ್ಪೆಲ್ಲ ನಿಮ್ಮದೇ ಎಂದುಕೊಳ್ಳಬೇಡಿ. ನಿಮ್ಮನ್ನು ಗೊತ್ತುಮಾಡುವಾಗ ನಾವು ಕೊಡುವ ಪಟ್ಟಿಯಲ್ಲಿ ನಾಂದಿ, ಅರಿಶಿನ, ವರಪೂಜೆ, ಧಾರೆ, ಆರತಕ್ಷತೆ ಎಂದು ಶಾಸ್ತ್ರಗಳಿರುತ್ತವೆಯೇ ಹೊರತು ಜನರಿರುವುದಿಲ್ಲ. ಯಾರ ಚಿತ್ರ ಇರಲೇಬೇಕು ಎಂದು ನೀವು ಹೆಣ್ಣಿನ ತಾಯಿಯನ್ನೋ ಅಜ್ಜಿಯನ್ನೋ ಹಿಂದಿನ ದಿನವೇ ಕೇಳಿ. ಅವರು ಹೇಳುವ ಐದಾರು ಜನರಲ್ಲಿ ಮಂಟಪದ ಮೇಲೆ ಬರದವರು ಇಬ್ಬರಾದರೂ ಇರುತ್ತಾರೆ. ಇನ್ನೊಂದು ಮಾತನ್ನೂ ಹೇಳಿಬಿಡುತ್ತೇನೆ. ಧಾರೆ ಎರೆಯುವಾಗ ನಾಲ್ಕೈದು ಕ್ಯಾಮೆರಾದವರು ಮುಂದೆ ಗೋಡೆಯಂತೆ ನಿಂತರೆ ಅಕ್ಷತೆ ಹಿಡಿದು ಕುಳಿತ ಅಜ್ಜಿಯರಿಗೆ ಮೊಮ್ಮಗಳ ಮದುವೆ ಕಾಣುವುದೇ ಇಲ್ಲ. ಅರ್ಧ ನಿಮಿಷಕ್ಕಾದರೂ ಕುಕ್ಕರುಗಾಲಿನಲ್ಲಿ ಕುಳಿತುಕೊಳ್ಳಿ ಎಂದು ಎಲ್ಲ ಛಾಯಾಗ್ರಾಹಕರನ್ನೂ ಕೇಳಿಕೊಳ್ಳುತ್ತೇನೆ.

ಉತ್ತರ: ಊರೂರುಸುತ್ತು (ಜಯನಗರ)

ಪ್ರವಾಸದ ಚಿತ್ರಗಳ ಬಗ್ಗೆ ಕೇಳಿದ್ದೀರಿ. ಅಲೆಗ್ಸಾಂಡರ್ ಗ್ರೀನ್‌ಲಾ ಎಂಬ ಸೈನ್ಯಾಧಿಕಾರಿ 1856ರಲ್ಲಿ ಹಂಪಿಯನ್ನು ಮೇಣ ಸವರಿದ ಕಾಗದದ ನೆಗೆಟಿವ್‌ಗಳ ಮೇಲೆ ಚಿತ್ರಿಸಿದರು. ಅವರು ತೆಗೆದ ವಿಠ್ಠಲ ದೇವಾಲಯದ ಕಲ್ಲಿನ ರಥದ ಮೇಲೆ ಇಟ್ಟಿಗೆಯ ಶಿಖರವೊಂದಿದೆ. ಇಂದು ಹಂಪಿಗೆ ಹೋದರೆ, ಐವತ್ತು ರೂಪಾಯಿಯ ನೋಟಿನ ಹಿಂಬದಿಯನ್ನು ನೋಡಿದರೂ, ಆ ಶಿಖರ ಕಾಣುವುದಿಲ್ಲ. 1983ರಲ್ಲಿ ಜಾನ್ ಗಾಲಿಂಗ್ಸ್ ಎಂಬ ಆಸ್ಟ್ರೇಲಿಯದ ಛಾಯಾಗ್ರಾಹಕರು ಗ್ರೀನ್‌ಲಾ ನಿಂತಿದ್ದ ಜಾಗಗಳನ್ನೇ ಹುಡುಕಿ ನಿಂತು ಮತ್ತೆ ಚಿತ್ರ ತೆಗೆದರು. ಎರಡನ್ನೂ ಅಕ್ಕಪಕ್ಕ ಇಟ್ಟು ನೋಡಿದಾಗ ಏನು ಬಿತ್ತು, ಏನನ್ನು ದುರಸ್ತಿ ಮಾಡಲಾಯಿತು ಎಂಬುದು ತಿಳಿಯುತ್ತದೆ. ಆ ಇಟ್ಟಿಗೆಗಳು ಚೆನ್ನಾಗಿಲ್ಲವೆಂದು ಗ್ರೀನ್‌ಲಾ ಕ್ಯಾಮೆರಾವನ್ನು ಸ್ವಲ್ಪ ಕೆಳಕ್ಕೆ ಬಾಗಿಸಿದ್ದರೆ ನಮಗೆ ಇದು ಸಿಗುತ್ತಿರಲಿಲ್ಲ.

ನನ್ನದೇ ಒಂದು ಉದಾಹರಣೆ ಕೊಡುತ್ತೇನೆ. ಮೆಟ್ರೋ ಕಾಮಗಾರಿ ಆರಂಭವಾಗುವುದಕ್ಕೆ ಮುಂಚೆ ಮಹಾತ್ಮ ಗಾಂಧಿ ರಸ್ತೆಯ ಉದ್ದಕ್ಕೂ ಇದ್ದ ಮರಗಳ ನೆರಳಿನ ಕಾಲುದಾರಿಯಲ್ಲಿ ಗೆಳೆಯನನ್ನು ನಿಲ್ಲಿಸಿ ಹೊಸ ಲೆನ್ಸ್ ಪರೀಕ್ಷಿಸಿದ್ದೆ. ಹಿನ್ನೆಲೆ ಮಸುಕಾಗಿ, ಮುಖ ಮಾತ್ರ ಚೂಪಾಗಿ ಬರಬೇಕೆಂದು ಅಪರ್ಚರ್ (ಲೆನ್ಸಿನೊಳಗೆ ಬೆಳಕು ಬರುವ ಕಿಂಡಿ) ಪೂರ್ತಿ ತೆರೆದು ಇಪ್ಪತ್ತು ಚಿತ್ರ ತೆಗೆದೆ. ಒಂದರಲ್ಲಿ ಮಾತ್ರ ಫೋಕಸ್ ತಪ್ಪಿ ಗೆಳೆಯ ಮಸುಕಾದ, ಹಿಂದಿನ ಮರಗಳೂ ಕಲ್ಲಿನ ಆಸನವೂ ಸ್ಪಷ್ಟವಾದವು. 2011ರ ಅಕ್ಟೋಬರಿನಲ್ಲಿ ಅದೇ ರಸ್ತೆಯಿಂದ ಬೈಯಪ್ಪನಹಳ್ಳಿಗೆ ನಮ್ಮ ಮೆಟ್ರೋದ ಮೊದಲ ರೈಲು ಓಡಿದಾಗ ಹಳೆಯ ಫೋಲ್ಡರ್ ತೆರೆದು ನೋಡಿದೆ. ಇಪ್ಪತ್ತರಲ್ಲಿ ನನಗೆ ಬೇಕಾದ ಚಿತ್ರ ಅದೊಂದೇ ಆಗಿತ್ತು. ಅಂದಿನಿಂದ ಬೀದಿಯಲ್ಲಿ ನಾನು, ಕಿಂಡಿ ಕಿರಿದಾಗಿ ಹಿನ್ನೆಲೆಯೂ ಸ್ಪಷ್ಟವಾಗುವ, ಎಂಟರ (f/8) ಅಪರ್ಚರಿನಲ್ಲೇ ಹೆಚ್ಚು ಚಿತ್ರ ತೆಗೆಯುತ್ತೇನೆ. ಹಿಂದಿನ ಅಂಗಡಿಯ ಫಲಕ, ಬಸ್ಸಿನ ಸಂಖ್ಯೆ, ಗೋಡೆಗೆ ಅಂಟಿಸಿದ ದರಪಟ್ಟಿ ಓದುವಂತಿರಲಿ ಎಂಬುದು ನನ್ನ ಆಸೆ. ಮದುವೆಯ ಛಾಯಾಗ್ರಾಹಕರು ಕಿಂಡಿ ಅಗಲವಾಗಿ ತೆರೆದು 1.8ರಲ್ಲಿ ಎಲ್ಲವನ್ನೂ ಕರಗಿಸಿಬಿಡುವುದನ್ನು ಕಂಡಾಗ ನನಗೆ ಹೊಟ್ಟೆ ಸಂಕಟವಾಗುತ್ತದೆ; ಕರಗಿಹೋಗುವ ಆ ಹಿನ್ನೆಲೆಯಲ್ಲಿ ಕುಳಿತವರು ಯಾರ್ಯಾರೋ!

ಮೈಸೂರಿನ ಟಿ.ಎಸ್. ಸತ್ಯನ್ (1923–2009) ಅವರ ಚಿತ್ರಗಳನ್ನು ನೋಡಿಲ್ಲದವರು ಒಮ್ಮೆ ನೋಡಬೇಕು. ಪತ್ರಿಕೆಗಳಿಗಾಗಿ ದೊಡ್ಡ ಘಟನೆಗಳನ್ನು ತೆಗೆದವರೇ ಆದರೂ ಅವರ ಹೆಸರು ಉಳಿದಿರುವುದು ಸಾಮಾನ್ಯ ಜನರ, ಮುಖ್ಯವಾಗಿ ಮಕ್ಕಳ ಚಿತ್ರಗಳಿಂದ. ಅಂತರರಾಷ್ಟ್ರೀಯ ಮಕ್ಕಳ ವರ್ಷವಾದ 1979ರಲ್ಲಿ ಅವರ ಮಕ್ಕಳ ಚಿತ್ರಗಳು ನ್ಯೂಯಾರ್ಕಿನ ವಿಶ್ವಸಂಸ್ಥೆಯಲ್ಲಿ ಪ್ರದರ್ಶನಗೊಂಡವು.

ಇನ್ನು ಜಾಗದ ಸಮಸ್ಯೆ. ಆರಿಸದ 3,400 ಚಿತ್ರಗಳ ರಾ ಫೈಲುಗಳನ್ನು ಇಡಬೇಕಾಗಿಲ್ಲ. ಅವನ್ನು ಉದ್ದನೆಯ ಬದಿ 2,400 ಪಿಕ್ಸೆಲ್ ಇರುವ ಜೆಪಿಇಜಿಗಳಾಗಿ ಪರಿವರ್ತಿಸಿ. ಒಂದಕ್ಕೆ ಸುಮಾರು ಒಂದೂವರೆ ಎಂಬಿ ಎಂದರೂ ಒಂದು ಮದುವೆಗೆ ಐದು ಜಿಬಿಯ ಆಸುಪಾಸು, ಇಪ್ಪತ್ತೈದು ಮದುವೆಗೆ 130 ಜಿಬಿಯೊಳಗೆ. ಅಂಗುಲಕ್ಕೆ 300 ಚುಕ್ಕೆಯಂತೆ ಎಂಟು ಅಂಗುಲ ಉದ್ದದ ಪ್ರಿಂಟ್ ಇದರಿಂದ ಬರುತ್ತದೆ. ಒಂದು ಮನೆಗೆ ಅಷ್ಟು ಸಾಕು. ಮೂರು ಪ್ರತಿ ಮಾಡಿ, ಒಂದನ್ನು ಬೇರೆ ಮನೆಯಲ್ಲಿಡಿ. ಹಿರಿಯರು ಹೇಳಿದ ರಿಜಿಸ್ಟರನ್ನು ಈಗ ಫೈಲಿನ ಒಳಗೇ ಬರೆಯಬಹುದು. ಆಮದು ಮಾಡುವಾಗಲೇ ದಿನಾಂಕ, ಸ್ಥಳ, ಮನೆತನದ ಹೆಸರನ್ನು ಶೀರ್ಷಿಕೆಯಾಗಿ ಸೇರಿಸಿದರೆ ಫೈಲನ್ನು ಇದ್ದಂತೆಯೇ ಎಲ್ಲಿಗೆ ನಕಲು ಮಾಡಿದರೂ ಅದು ಜೊತೆಗಿರುತ್ತದೆ.

ಉತ್ತರ: ಕರಿಕೋಟು (ಶೇಷಾದ್ರಿಪುರಂ)

ವಕೀಲನಾಗಿ ಒಂದು ಎಚ್ಚರಿಕೆ ಮಾತ್ರ. 1957ರ ಕೃತಿಸ್ವಾಮ್ಯ ಕಾಯ್ದೆಯ 17ನೆಯ ಕಲಮಿನ ಪ್ರಕಾರ, ಹಣ ಪಡೆದು ಮತ್ತೊಬ್ಬರ ಕೋರಿಕೆಯ ಮೇರೆಗೆ ತೆಗೆದ ಛಾಯಾಚಿತ್ರದ ಮೊದಲ ಹಕ್ಕುದಾರರು, ಬೇರೆ ಒಪ್ಪಂದ ಇಲ್ಲದಿದ್ದಲ್ಲಿ, ಕೆಲಸ ಕೊಟ್ಟವರೇ ಆಗಿರುತ್ತಾರೆ. ಬಹುಪಾಲು ಛಾಯಾಗ್ರಾಹಕರು ಇದನ್ನು ತಲೆಕೆಳಗಾಗಿ ತಿಳಿದಿದ್ದಾರೆ. ಆದ್ದರಿಂದ ಕೊಡದೆ ಉಳಿದ ಚಿತ್ರಗಳನ್ನು ಎಷ್ಟು ವರ್ಷ ಇಟ್ಟುಕೊಳ್ಳುತ್ತೀರಿ, ಯಾರು ಕೇಳಿದರೆ ಕೊಡುತ್ತೀರಿ, ನಿಮ್ಮ ಜಾಲತಾಣದಲ್ಲಿ ಯಾವುದನ್ನು ಹಾಕಬಹುದು ಎಂಬುದನ್ನು ಮುಂಗಡ ಪಡೆಯುವ ದಿನವೇ ಕಾಗದದ ಮೇಲೆ ಬರೆದು ಇಬ್ಬರೂ ಸಹಿ ಹಾಕಿ. ಉಗ್ರಾಣದಲ್ಲಿ ತೆಗೆದ ಚಿತ್ರವನ್ನು ಮನೆಯವರಿಗಾಗಿ ಕಾಪಾಡುವುದು ಬೇರೆ, ಅದನ್ನು ಸಾರ್ವಜನಿಕವಾಗಿ ಪ್ರಕಟಿಸುವುದು ಬೇರೆ. ಎರಡನೆಯದಕ್ಕೆ ಆ ವ್ಯಕ್ತಿಯದೇ ಒಪ್ಪಿಗೆ ಇರಲಿ.

ಪ್ರಶ್ನೆ ಕೇಳಿದವರಿಂದ: ಕಿಟಕಿಬೆಳಕು (ಬನಶಂಕರಿ)

ಎಲ್ಲರಿಗೂ ಕೃತಜ್ಞತೆಗಳು. ಹಿರಿಯರು ಹೇಳಿದಂತೆ ಎರಡು ರಾತ್ರಿ ಕುಳಿತು 600 ರಾ ಫೈಲುಗಳನ್ನೂ ಕತ್ತರಿಕೆ ತೆಗೆದು ನೋಡಿದೆ. ಕಾಶಿಯಾತ್ರೆಯ ಒಂದು ಚಿತ್ರದಲ್ಲಿ, ಛತ್ರಿ ಹಿಡಿದ ವರನಿಗೆ ವಧುವಿನ ತಂದೆ ಕೈಮುಗಿದು ನಿಂತಿದ್ದಾರೆ. ಬಲಗಡೆಯ ಬಾಗಿಲು ಅನಗತ್ಯವೆಂದು ಅದನ್ನು ಕತ್ತರಿಸಿದ್ದೆ. ಆ ಬಾಗಿಲಿನಲ್ಲಿ ಸೋದರತ್ತೆಯವರು ನಿಂತಿದ್ದಾರೆ. ಕೈಯಲ್ಲಿ ಒಂದು ಮೊರ ಇದೆ. ಮುಖದ ಎಡಭಾಗವನ್ನು ಬಾಗಿಲ ಚೌಕಟ್ಟು ಮರೆಮಾಡಿದೆ, ಫೋಕಸ್ ಅವರ ಮೇಲಿಲ್ಲ, ಆದರೂ ನಗುತ್ತಿರುವುದು ತಿಳಿಯುತ್ತದೆ.

ಭಾನುವಾರ ಕರೆ ಮಾಡಿದ್ದ ವಧುವಿನ ಮನೆಗೆ ಹೋಗಿ ಲ್ಯಾಪ್‌ಟಾಪಿನಲ್ಲಿ ತೋರಿಸಿದೆ. ಉಗ್ರಾಣದ ಚಿತ್ರವನ್ನು ನಾನೇ ಅಳಿಸಿದ್ದೆನೆಂಬುದನ್ನೂ ಮುಚ್ಚಿಡದೆ ಹೇಳಿದೆ. ಆಕೆ ಅದಕ್ಕೆ ಏನೂ ಹೇಳಲಿಲ್ಲ. ಅವರ ತಂದೆ ಮಾತ್ರ ಪರದೆಯ ಹತ್ತಿರ ಬಾಗಿ ಬಹಳ ಹೊತ್ತು ನೋಡಿ, "ಆ ಮೊರ ಊರಿನ ಮನೆಯದು, ಅವಳೇ ತಂದಿದ್ದಳು" ಎಂದರು. ಗೋಡೆಗೆ ಹಾಕುವಷ್ಟು ದೊಡ್ಡದು ಮಾಡಿದರೆ ಮುಖ ಇನ್ನಷ್ಟು ಒಡೆದು ಕಾಣುತ್ತದೆ ಎಂದು ವಿವರಿಸಿದಾಗ, ಬಾಗಿಲನ್ನೂ ವರನನ್ನೂ ಸೇರಿಸಿ ಇಡೀ ಚಿತ್ರವನ್ನೇ 6×4 ಅಳತೆಯಲ್ಲಿ ಎರಡು ಪ್ರತಿ ಕೇಳಿದರು. ನಾಳೆ ಪ್ರಿಂಟ್ ಕೈಗೆ ಬರುತ್ತದೆ.

ಶ್ರಾವಣದ ಮೊದಲ ಮದುವೆ ವಿಜಯನಗರದಲ್ಲಿದೆ. ಹೆಣ್ಣಿನ ಅಜ್ಜಿಯನ್ನು ಫೋನಿನಲ್ಲಿ ಮಾತಾಡಿಸಿ ಏಳು ಹೆಸರು ಬರೆದುಕೊಂಡಿದ್ದೇನೆ. ಅವರಲ್ಲಿ ಇಬ್ಬರು ಅಡುಗೆಮನೆಯಲ್ಲಿರುತ್ತಾರಂತೆ.